ಭಾನುವಾರವೊಂದೇ ಸಾಲದು

ವಾರಕ್ಕೆ ದಿನಗಳು ಏಳು. ಆದರೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಕಥೋಲಿಕ ಕ್ರೈಸ್ತರ ಧರ್ಮಜೀವನವನ್ನು ಕುರಿತು ಮಾತನಾಡುವವರು, ಒಳಗಿನವರಾಗಲಿ ಹೊರಗಿನವರಾಗಲಿ, ಭಾನುವಾರದ ಒಂದು ಗಂಟೆಯನ್ನು ಮಾತ್ರ ಎಣಿಸಿ ಮಿಕ್ಕ ಆರು ದಿನಗಳನ್ನು ಲೆಕ್ಕದಿಂದ ಕೈಬಿಡುವರು. ದೇವಾಲಯ ತುಂಬಿದರೆ ಧರ್ಮ ಬೆಳಗಿತು, ಹಬ್ಬಕ್ಕೆ ತೇರೆಳೆದರೆ ಭಕ್ತಿ ಹೆಚ್ಚಿತು ಎಂಬುದು ಇವರ ಗಣಿತ. ಈ ಗಣಿತವು ತಪ್ಪೆಂದೂ, ಇದರ ಫಲವಾಗಿ ಹಳ್ಳಿಯ ಆರಾಧನೆಗೆ ಬೆನ್ನೆಲುಬಾದ ಉಪದೇಶಿಗಳು ಮೂಲೆಗೆ ಸರಿಯುತ್ತಿರುವರೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಅನ್ಯಮತೀಯರಾದ ವಾಚಕರಿಗಾಗಿ ಒಂದೆರಡು ಮಾತು. ಮೈಸೂರು ಧರ್ಮಪ್ರಾಂತವು 1886ರಲ್ಲಿ ಸ್ಥಾಪಿತವಾದುದು. ಮೈಸೂರು, ಮಂಡ್ಯ, ಕೊಡಗು, ಚಾಮರಾಜನಗರ ಜಿಲ್ಲೆಗಳು ಇಂದು ಅದರ ವ್ಯಾಪ್ತಿಗೆ ಸೇರಿವೆ. ಪ್ರಾಂತವು ಧರ್ಮಕೇಂದ್ರಗಳಾಗಿ ಹಂಚಿದೆ. ಹಳ್ಳಿಗಾಡಿನ ಧರ್ಮಕೇಂದ್ರವೆಂದರೆ ಒಂದು ಮುಖ್ಯ ದೇವಾಲಯ, ಅಲ್ಲಿ ನೆಲೆಸಿದ ಗುರುಗಳು, ಸುತ್ತಲೂ ಚೆದುರಿದ ಊರುಗಳು. ಬಲಿಪೂಜೆಯನ್ನು ಅರ್ಪಿಸುವ ಅಧಿಕಾರವು ಗುರುಗಳಿಗೆ ಮಾತ್ರ ಉಂಟು; ಅವರಾದರೋ ಒಂದೇ ಮುಂಜಾನೆ ಎಲ್ಲ ಊರುಗಳಲ್ಲಿಯೂ ಇರಲಾರರು. ಆ ಕೊರತೆಯನ್ನು ತುಂಬುತ್ತಿದ್ದವರೇ ಉಪದೇಶಿಗಳು. ಮಕ್ಕಳಿಗೆ ಜಪಗಳನ್ನು ಬಾಯಿಪಾಠ ಮಾಡಿಸುವುದು, ಸಂಜೆ ಜಪಸರ ನಡೆಸುವುದು, ಸಾಯುವವರ ತಲೆದೆಸೆಯಲ್ಲಿ ಕುಳಿತು ಪ್ರಾರ್ಥಿಸುವುದು, ಗುರುಗಳಿಗೆ ಹೇಳಿಕಳುಹಿಸುವುದು, ಅವರು ಬರುವಷ್ಟರಲ್ಲಿ ಪ್ರಾಣ ಹೋಗುವಂತಿದ್ದರೆ ಶಿಶುವಿಗೆ ಜ್ಞಾನಸ್ನಾನ ಕೊಡುವುದು, ಇವೆಲ್ಲವೂ ಅವರ ಪಾಲಿನ ಕೆಲಸಗಳು.

ಭಕ್ತರ ಸಂಪ್ರದಾಯದಲ್ಲಿ ವಾರದ ದಿನಗಳೂ ಬರಿದಾಗಿಲ್ಲ. ಮಂಗಳವಾರವು ಸಂತ ಅಂತೋಣಿಯವರದು. ಬುಧವಾರ ನಿತ್ಯಸಹಾಯ ಮಾತೆಯ ನವದಿನ ಪ್ರಾರ್ಥನೆ. ಶುಕ್ರವಾರ ಯೇಸುವಿನ ಪವಿತ್ರ ಹೃದಯದ ಸ್ಮರಣೆ, ತಪಸ್ಸುಕಾಲದಲ್ಲಿ ಶಿಲುಬೆಹಾದಿ. ಶನಿವಾರ ಮರಿಯಮ್ಮನವರಿಗೆ ಮುಡಿಪು. ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಜಪಸರಕ್ಕೆ ವಿಶೇಷ ಮಹತ್ವ. ಈ ದಿನಗಳು ಪಂಚಾಂಗದಲ್ಲಿ ಇದ್ದರಾಯಿತೇ? ದೀಪ ಹಚ್ಚಿ, ಚಾಪೆ ಹಾಸಿ, ನೆರೆಮನೆಯವರನ್ನು ಕೂಗಿ ಕರೆಯುವವರೊಬ್ಬರು ಬೇಡವೇ?

ನಮ್ಮ ಸೀಮೆಯ ಬಾಳನ್ನು ಬಲ್ಲವರಿಗೆ ಇದರ ಅಗತ್ಯವು ಸುಲಭವಾಗಿ ತಿಳಿಯುವುದು. ಗುಂಡ್ಲುಪೇಟೆಯ ಕಡೆ ಅರಿಸಿನ, ಚೆಂಡುಹೂ, ತರಕಾರಿಗಳ ಬೇಸಾಯ. ಕಾಡಂಚಿನ ರೈತನು ಆನೆ, ಹಂದಿಗಳಿಗೆ ಹೆದರಿ ರಾತ್ರಿ ಹೊಲ ಕಾಯಬೇಕು. ಕೂಲಿಯವರು ವಯನಾಡಿಗೂ ಕೊಡಗಿಗೂ ಹೋಗುವರು. ಅವರ ಕೂಲಿಗೆ ಭಾನುವಾರವೆಂಬ ಭೇದವಿಲ್ಲ. ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕಡೆ ತಮಿಳು ಮನೆಮಾತಾದ ಕ್ರೈಸ್ತರು ಬಹುಸಂಖ್ಯೆಯಲ್ಲಿರುವರು. ಇತ್ತ ಕನ್ನಡವೇ ಮನೆಮಾತು. ಇಂತಹ ನಾಡಿನಲ್ಲಿ ಜನರೇ ದೇವಾಲಯಕ್ಕೆ ಬರಲೆಂದು ಗಂಟೆ ಬಾರಿಸಿ ಕುಳಿತರೆ ಸಾಲದು. ಪ್ರಾರ್ಥನೆಯೇ ಅವರ ಬಾಗಿಲಿಗೆ, ಅವರ ಹೊತ್ತಿಗೆ, ಅವರ ಮಾತಿನಲ್ಲಿ ಹೋಗಬೇಕು.

ಇದಕ್ಕೆ ಮೂರು ಆಕ್ಷೇಪಣೆಗಳನ್ನು ಕೇಳಿರುವೆವು.

ಗುರುಗಳಿಲ್ಲದ ಪ್ರಾರ್ಥನೆಯು ಆರಾಧನೆ ಹೇಗಾದೀತು ಎಂಬುದು ಮೊದಲನೆಯದು. ಹೀಗೆನ್ನುವವರು ತಮ್ಮ ಧರ್ಮಸಭೆಯ ಮಾತನ್ನೇ ಮರೆತಿರುವರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ಸಂವಿಧಾನದ 35ನೆಯ ಪ್ರಕರಣವು, ಗುರುಗಳಿಲ್ಲದ ಊರುಗಳಲ್ಲಿ ಬಿಷಪ್ಪರ ಅನುಮತಿ ಪಡೆದವರು ಭಾನುವಾರವೂ ಹಬ್ಬದ ದಿನವೂ ವಾಕ್ಯಾರಾಧನೆ ನಡೆಸುವುದನ್ನು ಪ್ರೋತ್ಸಾಹಿಸಿದೆ. ಇಂತಹ ಆರಾಧನೆಗೆಂದೇ ರೋಮಿನಿಂದ 1988ರಲ್ಲಿ ನಿಯಮಾವಳಿಯು ಹೊರಟಿತು. 2021ರ ಮೇ 10ರಂದು ಜಗದ್ಗುರು ಫ್ರಾನ್ಸಿಸರು ಉಪದೇಶಿಯ ಕಾರ್ಯವನ್ನು ಒಂದು ವಿಧ್ಯುಕ್ತ ಸೇವಾಪದವಿಯಾಗಿಯೇ ಸ್ಥಾಪಿಸಿ, ಅದನ್ನು ಸ್ತ್ರೀಪುರುಷರಿಬ್ಬರಿಗೂ ತೆರೆದಿಟ್ಟರು. ವಾಕ್ಯಾರಾಧನೆಯು ಬಲಿಪೂಜೆಯ ಸ್ಥಾನಕ್ಕೆ ಬರಲಾರದು, ನಿಜ. ಆದರೆ ಹಬ್ಬದೂಟ ದೊರೆಯದ ದಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಯಾವ ತಾಯಿಯೂ ಹೇಳಳು.

ಈಗ ಜನರು ಅಕ್ಷರಸ್ಥರು, ಬೇಕಾದುದನ್ನು ಮೊಬೈಲಿನಲ್ಲಿಯೇ ನೋಡಿ ಕೇಳಬಲ್ಲರು ಎಂಬುದು ಎರಡನೆಯದು. 2020ರಲ್ಲಿ ದೇವಾಲಯಗಳು ಮುಚ್ಚಿದ್ದಾಗ ಆ ಸಾಧನವು ಉಪಕರಿಸಿತು, ಅಲ್ಲವೆನ್ನಲಾರೆವು. ಆದರೆ ಮೂರು ವಾರದಿಂದ ಕಾಣದ ಹುಡುಗನನ್ನು ಅದು ಮನೆಗೆ ಹೋಗಿ ವಿಚಾರಿಸುವುದೇ? ಜಗಳವಾಡಿದ ಅಣ್ಣತಮ್ಮಂದಿರನ್ನು ಒಂದೇ ಚಾಪೆಯ ಮೇಲೆ ಕೂರಿಸುವುದೇ? ಹೆಣದ ಮುಂದೆ ರಾತ್ರಿಯೆಲ್ಲ ಎಚ್ಚರವಿದ್ದು ಜಪ ಹೇಳುವುದೇ?

ಸಂಬಳಕ್ಕೆ ಹಣವೆಲ್ಲಿ ಎಂಬುದು ಮೂರನೆಯದು. ಹಬ್ಬದ ವಿದ್ಯುದ್ದೀಪಕ್ಕೂ ಬಾಣಬಿರುಸಿಗೂ ಧ್ವನಿವರ್ಧಕಕ್ಕೂ ದೊರೆಯುವ ಹಣವು ಉಪದೇಶಿಯ ಸಂಬಳದ ಮಾತು ಬಂದೊಡನೆ ಮಾಯವಾಗುವುದು ಹೇಗೆ? ತೇರನ್ನು ನಾವು ದ್ವೇಷಿಸುವವರಲ್ಲ; ಅದು ಬಡವರ ಸಂತೋಷ. ತೇರಿನ ಮೇಲೆ ಒಂದು ಸಾಲು ದೀಪ ಕಡಮೆಯಾದರೆ ಸಂತರು ಮುನಿಯರು. ಒಂದು ಊರಿನ ಮಕ್ಕಳಿಗೆ ಜಪ ಹೇಳಿಕೊಡುವವರಿಲ್ಲದಿದ್ದರೆ ಮುನಿಯಬಹುದು.

ಇತಿಹಾಸವೂ ನಮ್ಮ ಪಕ್ಷದಲ್ಲಿದೆ. 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶವನ್ನು ಬರೆದರು. 1773ರಲ್ಲಿ ಆ ಸಭೆಯೇ ರದ್ದಾಯಿತು, ಗುರುಗಳು ವಿರಳರಾದರು. 1799ರ ತರುವಾಯ ಈ ಸೀಮೆಯಲ್ಲಿ ದುಡಿದ ಅಬ್ಬೆ ದ್ಯುಬುವಾ ಅವರು, ಕ್ರೈಸ್ತಧರ್ಮಕ್ಕೆ ಇಲ್ಲಿ ಭವಿಷ್ಯವಿಲ್ಲವೆಂದು ನಿರಾಶರಾಗಿ 1823ರಲ್ಲಿ ಸ್ವದೇಶಕ್ಕೆ ಮರಳಿದರು. ಪಂಡಿತರ ಎಣಿಕೆ ತಪ್ಪಾಯಿತು. ಹಳ್ಳಿಗಳ ಭಕ್ತಿಯು ಉಳಿದುಬಂದಿತು. ದೂರದ ಜಪಾನಿನಲ್ಲಿ ಇದಕ್ಕಿಂತಲೂ ದೊಡ್ಡ ನಿದರ್ಶನವುಂಟು. 1614ರ ನಿಷೇಧದ ಅನಂತರ ಗುರುಗಳೇ ಇಲ್ಲದಂತಾದ ಆ ನಾಡಿನಲ್ಲಿ, ರೈತರೂ ಬೆಸ್ತರೂ ತಮ್ಮೊಳಗಿನ ಹಿರಿಯರಿಂದಲೇ ಜ್ಞಾನಸ್ನಾನ ಪಡೆದು, ಇನ್ನೂರು ವರ್ಷಗಳಿಗೂ ಮೀರಿ ಗುಟ್ಟಾಗಿ ವಿಶ್ವಾಸವನ್ನು ಕಾಪಾಡಿಕೊಂಡು, 1865ರಲ್ಲಿ ನಾಗಸಾಕಿಯ ಹೊಸ ದೇವಾಲಯದಲ್ಲಿ ಗುರುಗಳ ಮುಂದೆ ಬಂದು ನಿಂತರು. ಅವರನ್ನು ಕಾದದ್ದು ಕಟ್ಟಡವೇ, ತೇರೇ?

ಹಳೆಯ ಉಪದೇಶಿಗಳಲ್ಲಿ ದೋಷವಿರಲಿಲ್ಲವೆಂದು ನಾವು ವಾದಿಸುವುದಿಲ್ಲ. ಬೆತ್ತ ಹಿಡಿದವರೂ ಇದ್ದರು, ಅರ್ಥ ತಿಳಿಯದೆ ಒಪ್ಪಿಸಿದವರೂ ಇದ್ದರು. ಅದಕ್ಕೆ ಮದ್ದು ಶಿಕ್ಷಣವೇ ಹೊರತು ಪದವಿಯ ಲೋಪವಲ್ಲ. ಊರಿಗೊಬ್ಬ ಉಪದೇಶಿ, ಗಂಡಸಾಗಲಿ ಹೆಂಗಸಾಗಲಿ. ಅವರಿಗೆ ಒಳ್ಳೆಯ ತರಬೇತು, ಸಂಸಾರ ಸಾಗುವಷ್ಟು ಸಂಬಳ, ಸಭೆಯ ಮುಂದೆ ಗೌರವ. ಕನ್ನಡದ ಊರಿಗೆ ಕನ್ನಡ, ತಮಿಳಿನ ಊರಿಗೆ ತಮಿಳು: ಇಷ್ಟೇ ನಮ್ಮ ಬೇಡಿಕೆ.

ಇದು ಕ್ರೈಸ್ತರ ಮನೆವಾರ್ತೆಯೆಂದು ಮಿಕ್ಕ ವಾಚಕರು ಪುಟ ಮಗುಚದಿರಲಿ. ಜಾತ್ರೆಗೆ ಕಿಕ್ಕಿರಿದು ನೆರೆಯುವ ಊರಿನಲ್ಲಿ ವಾರದ ಭಜನೆಗೆ ತಾಳ ಹಿಡಿಯುವವರು ಎಷ್ಟು ಮಂದಿ ಉಳಿದಿರುವರೆಂದು ಅವರವರ ಊರಿನಲ್ಲಿ ಅವರವರೇ ಎಣಿಸಿ ನೋಡಲಿ. ವರ್ಷಕ್ಕೊಮ್ಮೆ ತೇರೆಳೆಯಲು ಸಾವಿರ ಕೈಗಳು ಸಿಕ್ಕುವುವು. ದಿನವೂ ಸಂಜೆ ದೀಪ ಹಚ್ಚಲು ಒಂದು ಕೈ ಸಾಕು. ಆ ಒಂದು ಕೈಯನ್ನು ಬರಿದಾಗಿ ಕಳುಹಿಸುವ ಊರು, ಎಷ್ಟೇ ಎತ್ತರದ ಗೋಪುರವನ್ನು ಕಟ್ಟಿದರೂ, ಕತ್ತಲೆಯಲ್ಲಿಯೇ ಉಳಿಯುವುದು.