ನಕ್ಷೆಯ ಬಣ್ಣ ಬದಲಾಗೋ ಮೊದಲೇ ನೀರಿನ ಲೆಕ್ಕ ಆಗಬೇಕು

ಈಚೆಗೆ ನಮ್ಮ ಕಡೆ ಇಬ್ಬರು ರೈತರು ಸೇರಿದರೆ ಮಳೆ ಮಾತು ಮುಗಿಯೋ ಮೊದಲೇ ‘ಎಲ್ಲೋ ಜೋನ್’ ಮಾತು ಶುರುವಾಗುತ್ತೆ. ನಿನ್ನ ಸರ್ವೆ ನಂಬರ್ ಹಳದಿಗೆ ಬಂತಾ, ನಂದು ಇನ್ನೂ ಹಸಿರಲ್ಲೇ ಇದೆಯಲ್ಲ, ಪಕ್ಕದ ಊರಿಗೆ ಬಂದಿದೆಯಂತೆ, ಹೀಗೆ. ಹಳದಿ ಅಂದ್ರೆ ವಸತಿ ವಲಯ, ಹಸಿರು ಅಂದ್ರೆ ಕೃಷಿ ವಲಯ. ಬಣ್ಣ ಬದಲಾದ್ರೆ ಎಕರೆ ರೇಟು ಬದಲಾಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಬಣ್ಣ ಬದಲಾದ ಮೇಲೆ ಕೆಳಗಿನ ಕೆರೆಗೆ ಏನಾಗುತ್ತೆ, ಸುತ್ತಲಿನ ಬೋರುಗಳಿಗೆ ಏನಾಗುತ್ತೆ ಅಂತ ಯಾರು ಲೆಕ್ಕ ಹಾಕ್ತಾರೆ?

ಕಾನೂನಿನ ಪ್ರಕಾರ ಆ ಹಂತದಲ್ಲಿ ಯಾರೂ ಹಾಕಬೇಕಾಗಿಲ್ಲ. ಇದು ಸರಿಯಲ್ಲ ಅನ್ನೋದು ನನ್ನ ವಾದ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಪರಿಸರ ಪರಿಶೀಲನೆ ಯಾವಾಗ ಬರುತ್ತೆ?

ನಮ್ಮ ದೇಶದಲ್ಲಿ ಪರಿಸರ ಪರಿಣಾಮ ಅಂದಾಜು, ಅಂದ್ರೆ ಇಐಎ, ನಡೆಯೋದು 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ. ಅದು ನೋಡೋದು ಒಂದೊಂದು ಪ್ರಾಜೆಕ್ಟನ್ನು. ಇಡೀ ಮಾಸ್ಟರ್ ಪ್ಲಾನನ್ನು ಅಲ್ಲ. ಸಾವಿರಾರು ಎಕರೆ ಹಸಿರನ್ನು ಒಂದೇ ಸಲ ಹಳದಿ ಮಾಡಿದರೂ, ಇದ್ದ ಹಳದಿ ಜಾಗದಲ್ಲಿ ನಾಲ್ಕು ಅಂತಸ್ತಿನ ಕಡೆ ಹತ್ತು ಅಂತಸ್ತಿಗೆ ಅವಕಾಶ ಕೊಟ್ಟರೂ ಆ ತೀರ್ಮಾನಕ್ಕೆ ಇಐಎ ಬೇಕಾಗಿಲ್ಲ. ಆಮೇಲೆ ಯಾರೋ ಬಂದು ಕಟ್ಟಡ ಕಟ್ಟಕ್ಕೆ ಅರ್ಜಿ ಹಾಕಿದಾಗ, ಅದೂ ದೊಡ್ಡದಾಗಿದ್ದರೆ ಮಾತ್ರ, ಪರಿಸರ ಅನುಮತಿಯ ಪ್ರಶ್ನೆ ಬರುತ್ತೆ.

ಎಷ್ಟು ದೊಡ್ಡದು? ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಹೆಚ್ಚಿರಬೇಕು. ಅಡಿಯಲ್ಲಿ ಹೇಳೋದಾದ್ರೆ ಸುಮಾರು 2 ಲಕ್ಷ 15 ಸಾವಿರ ಚದರಡಿ. ನೂರೈವತ್ತು ಮನೆಗಳ ಅಪಾರ್ಟ್‌ಮೆಂಟು ಇದರ ಕೆಳಗೇ ಉಳಿದುಬಿಡಬಹುದು. ಬಡಾವಣೆಗೆ ಅಳತೆ ಬೇರೆ: 50 ಹೆಕ್ಟೇರ್, ಅಂದ್ರೆ ಸುಮಾರು 123 ಎಕರೆ. ನೂರು ಎಕರೆಯಲ್ಲಿ ಸೈಟು ಮಾಡಿ ಮಾರೋ ಲೇಔಟಿಗೆ ಪರಿಸರ ಅನುಮತಿ ಬೇಡ. ಅದರ ಪಕ್ಕದಲ್ಲೇ ಇನ್ನೊಂದು ಹೆಸರಲ್ಲಿ ಇನ್ನೊಂದು ನೂರು ಎಕರೆ ಲೇಔಟು ಬಂದರೆ ಅದಕ್ಕೂ ಬೇಡ. ಮಳೆ ನೀರಿಗೆ ಮಾತ್ರ ಎರಡೂ ಸೇರಿ ಇನ್ನೂರು ಎಕರೆನೇ.

ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ದೊಡ್ಡ ಗಣಿಗೋ ಸಿಮೆಂಟ್ ಕಾರ್ಖಾನೆಗೋ ಅನುಮತಿ ಕೊಡೋ ಮುಂಚೆ ಊರಿನವರನ್ನು ಕರೆದು ಸಾರ್ವಜನಿಕ ಅಹವಾಲು ಕೇಳಬೇಕು. ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ 2006ರ ಅಧಿಸೂಚನೆ ಆ ಅಹವಾಲಿನಿಂದಲೇ ವಿನಾಯಿತಿ ಕೊಟ್ಟಿದೆ. ಹತ್ತು ಸಾವಿರ ಜನ ಬಂದು ವಾಸ ಮಾಡೋ ಯೋಜನೆಗೂ ಕೆಳಗಿನ ಊರಿನ ರೈತನನ್ನು ಕೇಳಲೇಬೇಕು ಅಂತಿಲ್ಲ.

ಒಂದು ಲೆಕ್ಕ ಹಾಕೋಣ

ಎರಡು ಸಾವಿರ ಮನೆ, ಮನೆಗೆ ಐದು ಜನ ಅಂದುಕೊಳ್ಳಿ. ಹತ್ತು ಸಾವಿರ ಜನ ಆಯ್ತು. ನಗರದ ನೀರು ಸರಬರಾಜಿಗೆ ಬಳಸೋ ಸರ್ಕಾರಿ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 13 ಲಕ್ಷ 50 ಸಾವಿರ ಲೀಟರ್. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತಂದರೆ ದಿನಕ್ಕೆ 113 ಟ್ಯಾಂಕರ್. ಕಾವೇರಿ ಬರೋವರೆಗೂ ಆ ಟ್ಯಾಂಕರುಗಳು ತುಂಬೋದು ಎಲ್ಲಿ? ನಮ್ಮ ನಿಮ್ಮ ಹೊಲದ ಪಕ್ಕದ ಬೋರಿನಲ್ಲಿ.

ಒಳಗೆ ಹೋದ ನೀರಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಆಚೆ ಬರುತ್ತೆ ಅಂತ ಎಂಜಿನಿಯರುಗಳು ಲೆಕ್ಕ ಹಿಡೀತಾರೆ. ಅಂದ್ರೆ ದಿನಾ ಸುಮಾರು 10 ಲಕ್ಷ 80 ಸಾವಿರ ಲೀಟರ್. ಎಸ್‌ಟಿಪಿ ಇದೆ ಅಂತ ಕಾಗದದಲ್ಲಿ ಇರುತ್ತೆ. ಕರೆಂಟ್ ಬಿಲ್ಲಿಗೆ ಹೆದರಿ ನಿಲ್ಲಿಸಿದ ದಿನ ಆ ನೀರು ಕಾಲುವೆ ಹಿಡಿದು ಕೆರೆಗೇ ಬರೋದು.

ಇನ್ನು ಮಳೆ. ಒಂದು ಎಕರೆ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಎರಡು ಲಕ್ಷ ಲೀಟರ್ ನೀರು. ನೂರು ಎಕರೆಗೆ ಎರಡು ಕೋಟಿ ಲೀಟರ್. ಬದು ಗಟ್ಟಿ ಇರೋ ರಾಗಿ ಹೊಲದಲ್ಲಿ ಅದರ ದೊಡ್ಡ ಪಾಲು ಅಲ್ಲೇ ಇಂಗುತ್ತೆ. ಕಾಂಕ್ರೀಟು, ಟಾರು ರಸ್ತೆ ಆದ ಮೇಲೆ ಅದೇ ನೀರು ಒಂದೆರಡು ಗಂಟೆಯಲ್ಲಿ ರಾಜಕಾಲುವೆಗೆ ನುಗ್ಗುತ್ತೆ. ಕಾಲುವೆ ಒತ್ತುವರಿ ಆಗಿದ್ದರೆ ಮನೆಯೊಳಗೆ, ಇಲ್ಲಾಂದ್ರೆ ನಮ್ಮ ಹೊಲದೊಳಗೆ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಮಹದೇವಪುರ ಕಡೆ ಕೋಟಿ ಕೋಟಿ ಕೊಟ್ಟು ವಿಲ್ಲಾ ತಗೊಂಡವರನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿ ಆಚೆ ತಂದದ್ದು ನೆನಪಿದೆಯಲ್ಲ? ಒಂದೂವರೆ ವರ್ಷ ಕಳೆದು 2024ರ ಮಾರ್ಚ್‌ನಲ್ಲಿ ಅದೇ ಬೆಂಗಳೂರಲ್ಲಿ ಸುಮಾರು 14 ಸಾವಿರ ಸರ್ಕಾರಿ ಬೋರುಗಳಲ್ಲಿ 6,900 ಬತ್ತಿಹೋಗಿವೆ ಅಂತ ಸರ್ಕಾರವೇ ಹೇಳಿತು. ಮಳೆಗಾಲದಲ್ಲಿ ಮುಳುಗೋ ಊರು ಬೇಸಿಗೆಯಲ್ಲಿ ಕೊಡ ಹಿಡೀತು. ಎರಡಕ್ಕೂ ಮೂಲ ಒಂದೇ, ನೀರು ಇಂಗೋ ಜಾಗಕ್ಕೆ ಬಣ್ಣ ಹಚ್ಚುವಾಗ ಯಾರೂ ನೀರಿನ ಲೆಕ್ಕ ಕೇಳಲಿಲ್ಲ.

ಸುಪ್ರೀಂ ಕೋರ್ಟ್ ಹೇಳಿದ್ದು

ಇದು ನಾನೊಬ್ಬ ಹೇಳೋ ಮಾತಲ್ಲ. ಚಂಡೀಗಢದ ಹಳೇ ಸೆಕ್ಟರುಗಳಲ್ಲಿ ಒಂದು ಸೈಟಿಗೆ ಒಂದು ಮನೆ ಅಂತ ಇದ್ದದ್ದನ್ನು ಮೂರು ಮಹಡಿ ಕಟ್ಟಿ, ಮೂರು ಪಾಲು ಮಾಡಿ, ಮೂರು ಕುಟುಂಬಕ್ಕೆ ಮಾರೋದು ನಡೀತಿತ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 2023ರ ಜನವರಿ 10ರಂದು ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಅಷ್ಟಕ್ಕೇ ನಿಲ್ಲದೆ, ನಗರ ಬೆಳೆಸೋಕೆ ಅನುಮತಿ ಕೊಡೋ ಮುಂಚೆ ಪರಿಸರ ಪರಿಣಾಮದ ಅಧ್ಯಯನ ಆಗೋ ಹಾಗೆ ಕೇಂದ್ರವೂ ರಾಜ್ಯಗಳೂ ಕಾನೂನು ಮಾಡಬೇಕು ಅಂತ ಹೇಳಿತು. ಆ ತೀರ್ಪಿನಲ್ಲಿ ಎಚ್ಚರಿಕೆಗೆ ಅಂತ ತೋರಿಸಿದ ಊರು ಯಾವುದು ಗೊತ್ತಾ? ನಮ್ಮ ಬೆಂಗಳೂರು. ಒಳ್ಳೇ ನಗರವನ್ನು ಹೇಗೆ ಹಾಳುಮಾಡಿಕೊಳ್ಳಬಹುದು ಅನ್ನೋದಕ್ಕೆ ‘ಇಂಡಿಯಾ ಟುಡೇ’ ಪತ್ರಿಕೆ ಬೆಂಗಳೂರಿನ ಬಗ್ಗೆ ಬರೆದದ್ದನ್ನು ನ್ಯಾಯಮೂರ್ತಿಗಳು ಉದಾಹರಣೆಯಾಗಿ ತಗೊಂಡಿದ್ದಾರೆ.

ಪ್ಲಾನ್ ಹಂತದಲ್ಲೇ ಹಿಡೀಬೇಕು ಅನ್ನೋದಕ್ಕೆ ಇನ್ನೊಂದು ಪಾಠವೂ ಇದೆ. ಬೆಳ್ಳಂದೂರು–ಅಗರ ಕೆರೆ ಪ್ರಕರಣದಲ್ಲಿ ಎನ್‌ಜಿಟಿ 2016ರ ಮೇ ತಿಂಗಳಲ್ಲಿ ಕೆರೆಗಳಿಂದ 75 ಮೀಟರ್ ಬಿಟ್ಟು ಕಟ್ಟಬೇಕು, ದೊಡ್ಡ ರಾಜಕಾಲುವೆಯಿಂದ 50 ಮೀಟರ್ ಬಿಡಬೇಕು ಅಂತ ಹೇಳಿತ್ತು. ನಾವೆಲ್ಲ ಖುಷಿಪಟ್ಟೆವು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಸಾಮಾನ್ಯ ಆದೇಶವನ್ನು ರದ್ದುಮಾಡಿತು. ಕಾರಣ ಸರಳ. ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ 30 ಮೀಟರ್ ಅಂತ ಬರೆದಿದೆ, ಅದನ್ನು ತಿದ್ದೋ ಅಧಿಕಾರ ಎನ್‌ಜಿಟಿಗೆ ಇಲ್ಲ. ಅಂದ್ರೆ ಪ್ಲಾನಿನಲ್ಲಿ ಏನು ಬರೀತಾರೋ ಅದೇ ಕೊನೆ ಮಾತು. ಅದನ್ನು ಬರೆಯೋ ದಿನ ನಾವು ಅಲ್ಲಿ ಇರಬೇಕು.

ಎದುರು ಮಾತುಗಳು

ಮೊದಲನೇದು ನಮ್ಮವರದೇ ಮಾತು. “ಹಸಿರು ಅಂತ ಇಟ್ಟರೆ ನಮಗೇನು ಸಿಗುತ್ತೆ? ರಾಗಿಗೆ ರೇಟಿಲ್ಲ, ಹಾಲಿಗೆ ಖರ್ಚು ಬರಲ್ಲ, ಮಕ್ಕಳು ಹೊಲಕ್ಕೆ ಬರಲ್ಲ. ಬೆಂಗಳೂರಿನವರ ಗಾಳಿಗೋಸ್ಕರ ನಾವು ಬಡವರಾಗಿ ಇರಬೇಕಾ?” ಈ ಮಾತನ್ನು ನಾನು ತಳ್ಳಿಹಾಕಲ್ಲ. ಹಸಿರು ವಲಯದ ಭಾರ ಪೂರ್ತಿ ರೈತನ ಹೆಗಲ ಮೇಲಿದೆ, ಅದರ ಲಾಭ ನಗರಕ್ಕೆ. ನೀರು ಇಂಗಿಸೋ ಜಮೀನಿಗೆ ನಗರ ದುಡ್ಡು ಕೊಡಬೇಕು ಅನ್ನೋದು ನ್ಯಾಯವಾದ ಬೇಡಿಕೆ. ಆದರೆ ಗಮನಿಸಿ, ಲೆಕ್ಕ ಹಾಕಿ ಅನ್ನೋದು ಮಾರಬೇಡಿ ಅಂತಲ್ಲ. ಮೇಲಿನವನು ಮಾರಿದರೆ ಕೆಳಗಿನವನ ಬೋರು ಯಾಕೆ ಒಣಗಬೇಕು? ಮಾರೋನಿಗೆ ಹಕ್ಕಿದೆ, ಉಳಿಯೋನಿಗೂ ಇದೆ. ಇವತ್ತು ಮಾರೋರು ನಾಲ್ಕು ಮನೆ, ಉಳಿಯೋರು ನಲವತ್ತು ಮನೆ.

ಎರಡನೇದು ಪೇಟೆಯವರ ಮಾತು. ಇದರಲ್ಲಿ ನಿಜ ಇದೆ. ಊರೊಳಗೆ ಎತ್ತರ ಕಟ್ಟಿದರೆ ಊರು ಅಡ್ಡ ಹರಡಲ್ಲ, ನಮ್ಮ ಹೊಲ ಉಳಿಯುತ್ತೆ. ಪರಿಸರದ ಹೆಸರಲ್ಲಿ ಅದನ್ನೂ ತಡೆದರೆ ನಷ್ಟ ನಮಗೇ. ಅಮೆರಿಕದ ಮಿನ್ನಿಯಾಪೊಲಿಸ್ ನಗರದಲ್ಲಿ ಹೀಗೇ ಆಯ್ತು. 2018ರ ಡಿಸೆಂಬರಿನಲ್ಲಿ ಅಲ್ಲಿನ ನಗರಸಭೆ ಒಂದು ಮನೆ ಇರೋ ಸೈಟಿನಲ್ಲಿ ಮೂರು ಮನೆವರೆಗೂ ಕಟ್ಟಬಹುದು ಅಂತ ಹೊಸ ಯೋಜನೆ ಒಪ್ಪಿತು. ಇಡೀ ಯೋಜನೆಯ ಪರಿಸರ ಪರಿಣಾಮ ನೋಡಿಲ್ಲ ಅಂತ ಕೆಲವು ಸಂಘಗಳು ಕೋರ್ಟಿಗೆ ಹೋದವು, ಅದರಲ್ಲಿ ಹಕ್ಕಿ ಕಾಪಾಡೋ ಸಂಘಗಳೂ ಇದ್ದವು. 2022ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಕೋರ್ಟ್ ಯೋಜನೆ ನಿಲ್ಲಿಸಿತು. ಕೊನೆಗೆ 2024ರಲ್ಲಿ ಅಲ್ಲಿನ ರಾಜ್ಯ ಶಾಸನಸಭೆ ಕಾನೂನನ್ನೇ ತಿದ್ದಿ ನಗರ ಯೋಜನೆಗಳನ್ನು ಅಂಥ ದಾವೆಯಿಂದ ಹೊರಗಿಟ್ಟಿತು. ಕ್ಯಾಲಿಫೋರ್ನಿಯಾ ರಾಜ್ಯ ಕೂಡ 2025ರ ಜೂನ್‌ನಲ್ಲಿ ನಗರದೊಳಗಿನ ವಸತಿ ಯೋಜನೆಗಳಿಗೆ, 20 ಎಕರೆವರೆಗೆ, ಪರಿಸರ ಪರಿಶೀಲನೆಯಿಂದ ವಿನಾಯಿತಿ ಕೊಟ್ಟಿತು.

ಅವರ ತೊಂದರೆ ಅತಿಯಾದ ಪರಿಶೀಲನೆ, ನಮ್ಮದು ಪರಿಶೀಲನೆಯೇ ಇಲ್ಲದಿರೋದು. ಆದರೂ ಅಲ್ಲಿಂದ ಕಲಿಯೋದಿದೆ. ಪರಿಶೀಲನೆ ಅಂದ್ರೆ ಕಟ್ಟಿದರೆ ಏನಾಗುತ್ತೆ ಅಂತ ಮಾತ್ರ ನೋಡೋದಲ್ಲ. ಇಲ್ಲಿ ಕಟ್ಟಲಿಲ್ಲ ಅಂದ್ರೆ ಆ ಮನೆ ಎಲ್ಲಿಗೆ ಹೋಗುತ್ತೆ ಅಂತಲೂ ನೋಡಬೇಕು. ಜಯನಗರದಲ್ಲಿ ಬೇಡ ಅಂದ ಮೂರು ಮನೆ ಮಾಯ ಆಗಲ್ಲ, ಆನೇಕಲ್ಲಿಗೋ ಹೊಸಕೋಟೆಗೋ ನೆಲಮಂಗಲಕ್ಕೋ ಬರುತ್ತೆ. ಹಾಗಾಗಿ ಪೈಪು, ಚರಂಡಿ, ಮೆಟ್ರೋ ಇರೋ ಕಡೆ ಎತ್ತರ ಕಟ್ಟಲಿ, ನಾನು ಅದಕ್ಕೆ ವಿರೋಧಿ ಅಲ್ಲ. ಪೈಪೂ ಇಲ್ಲದ, ಚರಂಡಿಯೂ ಇಲ್ಲದ, ಕೆರೆ ತಲೆಯ ಮೇಲಿನ ಹೊಲಕ್ಕೆ ಅದೇ ಸಾಂದ್ರತೆ ತಂದು ಹಾಕೋದಕ್ಕೆ ವಿರೋಧಿ.

ಕೆಳಗಿನವನೂ ಪಾಲುದಾರ

ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಹರಿದು ಬಿಡದಿ ಪಕ್ಕದ ಬೈರಮಂಗಲ ಕೆರೆ ಸೇರುತ್ತೆ. ಅಲ್ಲಿನ ಅಚ್ಚುಕಟ್ಟಿನ ರೈತರು ಭತ್ತ ಬಿಟ್ಟು ಬೇಬಿ ಕಾರ್ನ್, ಹಿಪ್ಪುನೇರಳೆ, ಮೇವಿನ ಹುಲ್ಲಿಗೆ ಬಂದದ್ದು ಆ ನೀರಿನ ದೆಸೆಯಿಂದ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸ್ತಾ ಇದ್ದಾರೆ. ಬೋರಲ್ಲಿ ನೀರು ಮೇಲೆ ಬಂತು ಅನ್ನೋರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಡೋರೂ ಇದ್ದಾರೆ. ಯಾವುದೇ ಆಗಲಿ, ನಗರ ಎಷ್ಟು ಒತ್ತೊತ್ತಾಗಿ ಬೆಳೆಯುತ್ತೆ ಅನ್ನೋದರ ಫಲ ಉಣ್ಣೋದು ಇಳಿಜಾರಿನಲ್ಲಿರೋ ರೈತ. ಫಲ ಉಣ್ಣೋನನ್ನು ಬಿತ್ತುವಾಗ ಕೇಳಬೇಕು.

ನಾನು ಕೇಳೋದು ಮೂರೇ. ಒಂದು, ಯಾವ ಯೋಜನಾ ಪ್ರಾಧಿಕಾರವೇ ಆಗಲಿ, ವಲಯ ಬದಲಿಸೋ ಮುಂಚೆ ಇಡೀ ಕೆರೆ ಸಾಲಿಗೆ ನೀರಿನ ಲೆಕ್ಕ ಹಾಕಿ ಕನ್ನಡದಲ್ಲಿ ಪ್ರಕಟಿಸಬೇಕು. ಎಷ್ಟು ನೀರು ಬೇಕು, ಎಲ್ಲಿಂದ ಬರುತ್ತೆ, ಕೊಳಚೆ ಎಲ್ಲಿಗೆ ಹೋಗುತ್ತೆ, ಮಳೆ ನೀರು ಯಾವ ಕಾಲುವೆ ಹಿಡಿಯುತ್ತೆ. ಎರಡು, ಆ ಲೆಕ್ಕವನ್ನು ಕೆಳಗಿನ ಪಂಚಾಯಿತಿಗಳ ಗ್ರಾಮಸಭೆಯಲ್ಲಿ ಇಡಬೇಕು. ಮೂರು, ಒಂದೇ ಕೆರೆಯ ಮೇಲೆ ಬರೋ ಲೇಔಟುಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಾಗಿ ನೋಡಬೇಕು. ಲೆಕ್ಕ ಸರಿ ಬಂದ ಜಾಗಕ್ಕೆ ಆಮೇಲೆ ಅನುಮತಿ ಬೇಗ ಕೊಡಲಿ, ಬೇಡ ಅಂದೋರು ಯಾರು?

ಕಾನೂನು ಬದಲಾಗೋವರೆಗೂ ಸುಮ್ಮನಿರಬೇಕಾಗಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಭೂ ಉಪಯೋಗ ಬದಲಿಸೋ ಮುಂಚೆ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೀಬೇಕು. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೋ ಆ ಪ್ರಕಟಣೆಯನ್ನು ಊರಿಗೊಬ್ಬ ಹುಡುಗ ದಿನಾ ನೋಡಲಿ. ಆಕ್ಷೇಪಣೆಯಲ್ಲಿ ಸಿಟ್ಟು ಬರೀಬೇಡಿ, ಸರ್ವೆ ನಂಬರ್ ಬರೀರಿ. ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿ ಕಾಲುವೆ, ಬಿ ಖರಾಬು, ಕೋಡಿ ಎಲ್ಲಿದೆ ಅಂತ ಗುರುತು ಮಾಡಿ. ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆಗೆದರೆ ಯಾವ ಸರ್ವೆ ನಂಬರ್ ಅಂತ ಗೊತ್ತಾಗುತ್ತೆ. ಕೊಟ್ಟದ್ದಕ್ಕೆ ಸೀಲು ಹಾಕಿಸಿ ಸ್ವೀಕೃತಿ ತಗೊಳ್ಳಿ.

ದೊಡ್ಡ ಯೋಜನೆ ಆಗಿದ್ದರೆ ಪರಿಸರ ಅನುಮತಿಯ ಕಾಗದಗಳು ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ನೀರಿನ ಮೂಲ ಅಂತ ಏನು ಬರೆದಿದ್ದಾರೆ ಅಂತ ಮೊದಲು ಓದಿ. ಅನುಮತಿ ಸರಿಯಿಲ್ಲ ಅನ್ನಿಸಿದರೆ ಎನ್‌ಜಿಟಿಗೆ ಮೇಲ್ಮನವಿ ಹಾಕೋಕೆ ಇರೋದು 30 ದಿನ. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಇನ್ನೂ 60 ದಿನ, ಅದು ಮುಗಿದ ಮೇಲೆ ಬಾಗಿಲು ಮುಚ್ಚುತ್ತೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಕೆರೆಗೆ ನೀರು ತರೋ ಕಾಲುವೆಗಳು ಯಾವ ಯಾವ ಸರ್ವೆ ನಂಬರ್ ದಾಟಿ ಬರ್ತವೆ ಅಂತ ಹಿರಿಯರನ್ನು ಜೊತೆಗೆ ಕರ್ಕೊಂಡು ನಡೆದು ನೋಡಿ, ಬರೆದಿಟ್ಟುಕೊಳ್ಳಿ. ಅದರಲ್ಲಿ ಎಷ್ಟು ಹಸಿರು, ಎಷ್ಟು ಹಳದಿ ಅಂತ ಪ್ರಾಧಿಕಾರದ ನಕ್ಷೆಯಲ್ಲಿ ತಾಳೆ ಹಾಕಿ. ಆ ಪಟ್ಟಿ ಕೈಯಲ್ಲಿದ್ದರೆ ಪ್ರಕಟಣೆ ಬಂದ ದಿನವೇ ಆಕ್ಷೇಪಣೆ ಬರೀಬಹುದು.