ಪ್ರೇರಣೆ ಎಂಬ ಮಹಜರು

ಕನ್ನಡದ ಪಿಎಚ್.ಡಿ. ಪ್ರಬಂಧಗಳಿಗೆ ಒಂದು ಅಚ್ಚಿದೆ. ಮೊದಲ ಅಧ್ಯಾಯ ‘ಬದುಕು-ಬರಹ’. ಹುಟ್ಟೂರು, ತಂದೆ-ತಾಯಿ, ಬಡತನ, ಕೊನೆಗೆ ‘ಬರವಣಿಗೆಯ ಪ್ರೇರಣೆಗಳು’. ಬಾಲ್ಯದ ಒಂದು ಸಾವನ್ನೋ ಅವಮಾನವನ್ನೋ ಅಲ್ಲಿ ನಮೂದಿಸಿಬಿಟ್ಟರೆ ಕಾದಂಬರಿ ಅರ್ಥವಾಯಿತು ಎಂದು ಲೆಕ್ಕ. ಇಲ್ಲಿ ವಿದ್ಯಾನಗರದ ರೂಮುಗಳಲ್ಲಿ ಕೂತು ನಾವು ಸಂಶೋಧನಾರ್ಥಿಗಳು ಟೈಪು ಮಾಡಿಸುವುದೂ ಇದನ್ನೇ. ನನ್ನ ತಕರಾರು ಇಷ್ಟೇ: ಇದು ಮಹಜರು, ಸಂಶೋಧನೆಯಲ್ಲ.

ಪ್ಲೇಗನ್ನೇ ತೆಗೆದುಕೊಳ್ಳಿ. ಎಸ್.ಎಲ್. ಭೈರಪ್ಪ ಚಿಕ್ಕಂದಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು. ಯು.ಆರ್. ಅನಂತಮೂರ್ತಿ ಮಲೆನಾಡಿನ ತಮ್ಮ ಬಾಲ್ಯದಲ್ಲಿ ಪ್ಲೇಗು ಬಂದದ್ದನ್ನೂ ದಲಿತರ ಕೇರಿಯಲ್ಲಿ ಜನ ಸತ್ತದ್ದನ್ನೂ ನೆನೆದವರು. ಒಬ್ಬರು ‘ಗೃಹಭಂಗ’ ಬರೆದರು, ಇನ್ನೊಬ್ಬರು ‘ಸಂಸ್ಕಾರ’. ನಂಜಮ್ಮ ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕ ತಾನೇ ಬರೆದು, ಎಲೆ ಹಚ್ಚಿ, ಮಕ್ಕಳನ್ನು ಸಾಕುತ್ತಾಳೆ. ಪ್ಲೇಗು ಬಂದು ಆ ದುಡಿಮೆಯನ್ನು ಒಂದೇ ಏಟಿಗೆ ಒರೆಸಿಹಾಕುತ್ತದೆ. ದೂರ್ವಾಸಪುರದಲ್ಲಾದರೆ ಅದೇ ಪ್ಲೇಗು ಒಂದು ಹೆಣವನ್ನು ನಡುವೆ ಇಟ್ಟು ಇಡೀ ಅಗ್ರಹಾರದ ಬಂಡವಾಳ ಬಯಲು ಮಾಡುತ್ತದೆ. ಮೂಲದಲ್ಲೇ ಉತ್ತರವಿದ್ದರೆ ಒಂದೇ ರೋಗ ಹೀಗೆ ಎರಡು ದಿಕ್ಕು ಹಿಡಿದದ್ದು ಹೇಗೆ?

‘ಸಂಸ್ಕಾರ’ಕ್ಕಂತೂ ಇನ್ನೊಂದು ಪ್ರೇರಣೆಯೂ ಇದೆ. ಬರ್ಮಿಂಗ್‌ಹ್ಯಾಮಿನಲ್ಲಿ ಓದುವಾಗ ಅನಂತಮೂರ್ತಿ ತಮ್ಮ ಮೇಷ್ಟ್ರು ಮಾಲ್ಕಮ್ ಬ್ರ್ಯಾಡ್‌ಬರಿಯವರ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. ಅದೂ ಪ್ಲೇಗಿನ ಕಾಲದ ಚಿತ್ರ. ಈ ಕಥೆಯನ್ನು ಅವರೇ ಹಲವು ಸಲ ಹೇಳಿದ್ದಾರೆ. ಹಾಗಾದರೆ ನಿಜವಾದ ಪ್ರೇರಣೆ ಯಾವುದು, ತೀರ್ಥಹಳ್ಳಿ ಸೀಮೆಯದೋ ಸ್ವೀಡನ್ನಿನದೋ? ಪ್ರಶ್ನೆಯೇ ಪೊಳ್ಳು. ಲೇಖಕ ತನ್ನ ಪ್ರೇರಣೆಯನ್ನು ಹೇಳುವುದು ಬರೆದಾದ ಮೇಲೆ, ಬಹಳ ಸಲ ಪ್ರಸಿದ್ಧನಾದ ಮೇಲೆ. ಅದೂ ಅವನು ಕಟ್ಟಿದ ಇನ್ನೊಂದು ಕಥೆ. ನಾವು ಅದನ್ನು ಸಾಕ್ಷಿ ಎಂದು ಅಡಿಟಿಪ್ಪಣಿಗೆ ಹಾಕುತ್ತೇವೆ.

ಪ್ರಬಂಧದಲ್ಲಿ ಸಾಧುವಾಗಿರುವ ಈ ಚಟ ಸಭೆಗೆ ಬಂದರೆ ಕೋರೆಹಲ್ಲು ತೋರಿಸುತ್ತದೆ. ಅಲ್ಲಿ ‘ಏಕೆ ಬರೆದ’ ಎಂದರೆ ‘ಯಾರನ್ನು ಮೆಚ್ಚಿಸಲು ಬರೆದ’ ಎಂದರ್ಥ. ‘ಸಂಸ್ಕಾರ’ ಬಂದಾಗ ಬ್ರಾಹ್ಮಣದ್ವೇಷ ಎಂದರು. 2007ರಲ್ಲಿ ‘ಆವರಣ’ ಬಂದಾಗ ಮುಸ್ಲಿಂದ್ವೇಷ ಎಂದರು. ಬೈದವರ ಪಾಳಯ ಬೇರೆ, ಬೈಗುಳದ ವ್ಯಾಕರಣ ಒಂದೇ. ‘ಆವರಣ’ ನನಗೂ ದುರ್ಬಲ ಕಾದಂಬರಿ. ಅದರ ಪಾತ್ರಗಳು ಬದುಕುವುದಕ್ಕಿಂತ ಹೆಚ್ಚಾಗಿ ಉಪನ್ಯಾಸ ಕೊಡುತ್ತವೆ. ಅದನ್ನು ಪುಟ ತೆರೆದೇ ತೋರಿಸಬಹುದು, ಭೈರಪ್ಪನವರ ಎದೆ ಬಗೆಯಬೇಕಾಗಿಲ್ಲ. ಎದೆ ಬಗೆಯುವುದರಲ್ಲಿ ಒಂದು ಅನುಕೂಲವಿದೆ ನಿಜ: ಕಾದಂಬರಿಯನ್ನು ಓದುವ ಕಷ್ಟ ತಪ್ಪುತ್ತದೆ.

ಪ್ರೇರಣೆಯ ಮಾತೇ ಬೇಡವೆಂದಲ್ಲ. ಅದು ಕೃತಿಯೊಳಗೆ ಹೋಗಿ ಏನಾಯಿತು ಎಂದು ಕೇಳಿದರೆ ಕೆಲಸ ಶುರುವಾಗುತ್ತದೆ. ಅನಂತಮೂರ್ತಿಯವರ ನೆನಪಿನಲ್ಲಿ ದಲಿತರ ಕೇರಿಯ ಸಾವು ನಡುಮನೆಯಲ್ಲಿದೆ. ಕಾದಂಬರಿಯಲ್ಲಿ ಅದು ಅಂಚಿಗೆ ಸರಿದಿದೆ. ಅಗ್ರಹಾರದವರು ನಾರಣಪ್ಪನ ಹೆಣದ ಬಗ್ಗೆ ಶಾಸ್ತ್ರ ಹುಡುಕುತ್ತಿರುವಾಗ ಬೆಳ್ಳಿಯ ಕೇರಿಯಲ್ಲಿ ಸತ್ತವರನ್ನು ಗುಡಿಸಲಿನ ಸಮೇತ ಸುಡಲಾಗುತ್ತದೆ. ಅತ್ತ ಯಾರೂ ತಿರುಗಿ ನೋಡುವುದಿಲ್ಲ. ಇದು ಲೇಖಕನ ಮರೆವೋ, ಅಗ್ರಹಾರದ ಕುರುಡನ್ನು ಹಾಗೇ ಕಾಣಿಸುವ ಉಪಾಯವೋ? ನಾನು ಎರಡನೆಯದೆಂದು ವಾದಿಸುತ್ತೇನೆ. ಮೊದಲನೆಯದೆಂದು ವಾದಿಸುವವರ ಜೊತೆ ಜಗಳಕ್ಕೂ ಸಿದ್ಧ. ಆದರೆ ಆ ಜಗಳಕ್ಕೆ ಬರ್ಮಿಂಗ್‌ಹ್ಯಾಮಿನ ಥಿಯೇಟರಿನಿಂದ ಯಾವ ಸಾಕ್ಷಿಯೂ ಬರುವುದಿಲ್ಲ. ಉರಿದ ಆ ಗುಡಿಸಲಿಗೆ ಕಾದಂಬರಿ ಎಷ್ಟು ಸಾಲು ಕೊಟ್ಟಿದೆ ಎಂದು ಎಣಿಸಿ ನೋಡಿದ ಪ್ರಬಂಧ ನನ್ನ ಕೈಗಂತೂ ಇನ್ನೂ ಸಿಕ್ಕಿಲ್ಲ.