ಬಿಸಿಲಿನ ಲೆಕ್ಕ ಇಡುವವರು ಯಾರು?

ಪ್ರಧಾನ ಮಂತ್ರಿ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಆರಂಭವಾದ ಮೇಲೆ ಚಾವಣಿಯ ಸೌರಫಲಕ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಧ್ಯಮ ವರ್ಗದ ಮನೆಗಳ ಲೆಕ್ಕಾಚಾರಕ್ಕೂ ಸೇರಿದೆ. ಮೂರು ಕಿಲೊವಾಟ್ ಘಟಕಕ್ಕೆ ಕೇಂದ್ರದ ಸಹಾಯಧನ 78,000 ರೂಪಾಯಿ. ಉಳಿದುದು ಗೃಹಸ್ಥನ ಉಳಿತಾಯ. ಆ ಹಣ ಎಷ್ಟು ವರ್ಷಗಳಲ್ಲಿ ಮರಳೀತು ಎಂಬುದನ್ನು ತಿಳಿಯಲು ಆ ಊರಿನ ಮೇಲೆ ಬೀಳುವ ಬಿಸಿಲಿನ ಪ್ರಮಾಣ ಗೊತ್ತಿರಬೇಕು. ಪಾವಗಡದ ಬಿಸಿಲನ್ನು ಚಾರ್ಮಾಡಿ ಘಾಟಿಯ ಬುಡಕ್ಕೆ ಅನ್ವಯಿಸಲಾಗದು. ಉಪಗ್ರಹ ಆಧಾರಿತ ಅಂದಾಜುಗಳೇನೋ ಇವೆ. ಆದರೆ ಮಳೆಗಾಲದ ಮೋಡಗಳು ಘಟ್ಟಕ್ಕೆ ಆತುಕೊಂಡು ನಿಲ್ಲುವ ಪ್ರದೇಶದಲ್ಲಿ ಅವುಗಳನ್ನು ನೆಲದ ಅಳತೆಯೊಂದಿಗೆ ಒರೆಗೆ ಹಚ್ಚಲೇಬೇಕು.

ಈ ವಿದ್ಯೆ ನಮಗೆ ಹೊಸದಲ್ಲ. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿಯೇ ಹವಾಮಾನ ಇಲಾಖೆಯ ಅಣ್ಣಾ ಮಣಿ ದೇಶದಲ್ಲಿ ಸೌರ ವಿಕಿರಣ ಮಾಪನ ಕೇಂದ್ರಗಳ ಜಾಲವನ್ನು ಕಟ್ಟಿದ್ದರು. 2011ರಲ್ಲಿ ಚೆನ್ನೈನ ಪವನಶಕ್ತಿ ಸಂಸ್ಥೆ ಮೊದಲ ಹಂತದಲ್ಲಿ 51 ಸ್ವಯಂಚಾಲಿತ ಕೇಂದ್ರಗಳನ್ನು ಸ್ಥಾಪಿಸಿತು. ಈಗ ಆಗಬೇಕಿರುವುದು ಅದೇ ಶಿಸ್ತನ್ನು ತಾಲ್ಲೂಕಿನ ಮಟ್ಟಕ್ಕೆ ತರುವ ಕೆಲಸ.

ಉಪಕರಣ ಕೊಂಡರಷ್ಟೇ ಅಳತೆ ಆಗಿಬಿಡುವುದಿಲ್ಲ. ಸೂರ್ಯನ ಬೆಳಕನ್ನು ಅಳೆಯುವ ಪೈರಾನೊಮೀಟರ್ ಕೊಡುವುದು ಕೆಲವೇ ಮಿಲಿವೋಲ್ಟ್‌ಗಳ ವಿದ್ಯುತ್ ಸಂಕೇತವನ್ನು. ಅದನ್ನು ಚದರ ಮೀಟರಿಗೆ ಇಷ್ಟು ವಾಟ್ ಎಂದು ಪರಿವರ್ತಿಸುವುದು ಡೇಟಾ ಲಾಗರ್‌ನಲ್ಲಿ ಬರೆದಿಟ್ಟ ಪ್ರೋಗ್ರಾಂ. ಪ್ರತಿ ಉಪಕರಣಕ್ಕೂ ತನ್ನದೇ ಆದ ಗುಣಾಂಕವಿರುತ್ತದೆ. ಒಂದು ವಾಟ್‌ಗೆ ಹತ್ತು ಮೈಕ್ರೊವೋಲ್ಟ್ ಎಂದಿರಬೇಕಾದ ಕಡೆ ಒಂಬತ್ತು ಎಂದು ಬರೆದರೆ 800 ವಾಟ್‌ನ ಬಿಸಿಲು 889 ಆಗಿ ದಾಖಲಾಗುತ್ತದೆ. ವರ್ಷವಿಡೀ ಶೇ 11ರಷ್ಟು ಉತ್ಪ್ರೇಕ್ಷೆ ಉಳಿದುಬಿಡುತ್ತದೆ. ಸಾಲ ಮಾಡಿದವನ ಕಂತು ಮಾತ್ರ ಕಡಿಮೆಯಾಗುವುದಿಲ್ಲ.

ಆಕಾಶದ ಉಷ್ಣ ವಿಕಿರಣವನ್ನು ಅಳೆಯುವ ಪೈರ್ಜಿಯೊಮೀಟರ್‌ನದು ಇನ್ನಷ್ಟು ಸೂಕ್ಷ್ಮ. ಉಪಕರಣವೇ ತನ್ನ ಉಷ್ಣತೆಗೆ ತಕ್ಕಂತೆ ಶಾಖ ಸೂಸುವುದರಿಂದ ಪ್ರೋಗ್ರಾಂ ಅದನ್ನು ಕೂಡಿಸಿಕೊಳ್ಳಬೇಕು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಮೊತ್ತವೇ ಸುಮಾರು 459 ವಾಟ್. ನಿರಭ್ರ ರಾತ್ರಿಯಲ್ಲಿ ಸಂಕೇತ ಋಣಾತ್ಮಕವಾಗಿರುವುದು ಸಹಜ. ಅದನ್ನು ದೋಷವೆಂದು ಭಾವಿಸಿ ಸೊನ್ನೆ ಮಾಡುವ ಪ್ರೋಗ್ರಾಂ ಸತ್ಯವನ್ನೇ ಅಳಿಸಿಹಾಕುತ್ತದೆ.

ಸೊನ್ನೆಯ ಈ ಪ್ರಶ್ನೆ ಕೇವಲ ತಾಂತ್ರಿಕವಲ್ಲ. ದಕ್ಷಿಣ ಕನ್ನಡದ ಅಡಿಕೆ, ಕಾಳುಮೆಣಸು ಬೆಳೆಗಾರರು ಹವಾಮಾನ ಆಧಾರಿತ ಬೆಳೆ ವಿಮೆಗೆ ಶೇ 5ರ ಪ್ರೀಮಿಯಂ ಕಟ್ಟುತ್ತಾರೆ. ಪರಿಹಾರ ನಿರ್ಧಾರವಾಗುವುದು ತೋಟದಲ್ಲಿ ಉದುರಿದ ಕಾಯಿ ನೋಡಿ ಅಲ್ಲ, ಗ್ರಾಮ ಪಂಚಾಯಿತಿ ಮಟ್ಟದ ಮಾಪಕಗಳು ಕಳುಹಿಸಿದ ಅಂಕಿಯಿಂದ. ಮಾಪಕ ಕೆಟ್ಟ ದಿನ ‘ಮಾಹಿತಿ ಇಲ್ಲ’ ಎಂದು ಬರೆಯಬೇಕಾದ ಯಂತ್ರ ‘ಸೊನ್ನೆ’ ಎಂದು ಬರೆದರೆ, ಕೊಳೆರೋಗ ತಂದ ಜಡಿಮಳೆಯೂ ಕಡತದಲ್ಲಿ ಒಣ ದಿನವಾಗುತ್ತದೆ. ರೈತನ ಬಳಿ ಅದನ್ನು ಅಲ್ಲಗಳೆಯುವ ಬೇರೆ ಪುರಾವೆ ಇರುವುದಿಲ್ಲ.

ಸರ್ಕಾರಿ ಸೇವೆಯಲ್ಲಿ ನಾನು ಕಂಡ ಒಂದು ಮಾತು ಇಲ್ಲಿ ಪ್ರಸ್ತುತ. ಖರೀದಿಗೆ ಅನುದಾನ ದೊರಕುತ್ತದೆ, ಉದ್ಘಾಟನೆಗೆ ಜನ ಸೇರುತ್ತಾರೆ. ಗಾಜಿನ ಗುಮ್ಮಟದ ಮೇಲಿನ ಧೂಳು ಒರೆಸುವವನ ಸಂಬಳಕ್ಕೆ ಮಾತ್ರ ಲೆಕ್ಕಶೀರ್ಷಿಕೆಯೇ ಇರುವುದಿಲ್ಲ. ಮಾಹಿತಿಯೂ ಸಾರ್ವಜನಿಕ ಸರಕು ಎಂಬುದನ್ನು ಅರ್ಥಶಾಸ್ತ್ರ ಬಲ್ಲವರು ಒಪ್ಪುತ್ತಾರೆ. ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಕಡಿಮೆಯಾಗದು. ಹಾಗಾಗಿಯೇ ಮಾರುಕಟ್ಟೆ ಅದನ್ನು ತಾನಾಗಿ ಒದಗಿಸುವುದೂ ಇಲ್ಲ.

ಮೂಡುಬಿದಿರೆಯಲ್ಲೂ ಬೆಳ್ತಂಗಡಿಯ ಉಜಿರೆಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಒಂದೊಂದು, ಬಂಟ್ವಾಳದ ಸರ್ಕಾರಿ ಕಚೇರಿಯೊಂದರ ಮೇಲೆ ಮತ್ತೊಂದು ವಿಕಿರಣ ಮಾಪನ ಕೇಂದ್ರವನ್ನು ಸ್ಥಾಪಿಸಬಹುದು. ಪ್ರೋಗ್ರಾಂ ಬರೆಯುವ, ಪರೀಕ್ಷಿಸುವ ಹೊಣೆಯನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳಿಗೆ ವಹಿಸಬಹುದು. ಷರತ್ತುಗಳು ಮೂರೇ ಸಾಕು: ಪರಿವರ್ತಿಸಿದ ಅಂಕಿಯ ಜೊತೆಗೆ ಮೂಲ ಮಿಲಿವೋಲ್ಟ್ ಕೂಡ ದಾಖಲಾಗಬೇಕು, ಬಳಸಿದ ಗುಣಾಂಕ ಮತ್ತು ಅದನ್ನು ಪರಿಶೀಲಿಸಿದ ದಿನಾಂಕ ಪ್ರಕಟವಾಗಬೇಕು, ಮಾಹಿತಿ ಇಲ್ಲದ ಕಡೆ ಖಾಲಿ ಬಿಡಬೇಕು. ಮೂಲ ಅಂಕಿ ಉಳಿದಿದ್ದರೆ ತಪ್ಪನ್ನು ಹತ್ತು ವರ್ಷಗಳ ನಂತರವೂ ತಿದ್ದಬಹುದು. ಮಳೆಮಾಪಕಗಳಿಗೂ ಇದೇ ನಿಯಮ ಅನ್ವಯವಾಗಲಿ. ಅಂಕಿಯನ್ನು ನಂಬಿ ಹಣ ಹೂಡುವ ಗೃಹಸ್ಥನಿಗೂ ಪ್ರೀಮಿಯಂ ಕಟ್ಟುವ ಕೃಷಿಕನಿಗೂ ಆ ಅಂಕಿ ಹುಟ್ಟಿದ ಬಗೆಯನ್ನು ಪ್ರಶ್ನಿಸುವ ಹಕ್ಕಿದೆ.